ಕಾಣದಿರಲೆಂದು ಬಳಿದ ಬಣ್ಣ

ಬಣ್ಣವೆಂಬುದು ಸಾಮಾನ್ಯವಾಗಿ ಕಣ್ಣಿಗೆ ಕಾಣಲೆಂದು ಬಳಿಯುವ ವಸ್ತು. ಮನೆಯ ಗೋಡೆಗಾಗಲಿ, ತೇರಿನ ಗಾಲಿಗಾಗಲಿ, ಕಾರಹುಣ್ಣಿಮೆಯ ಎತ್ತಿನ ಕೊಂಬಿಗಾಗಲಿ ನಾವು ಬಣ್ಣ ಹಚ್ಚುವುದು ನಾಲ್ಕು ಜನ ನೋಡಿ ಸಂತೋಷಪಡಲೆಂದು. ಆದರೆ ಯಾರ ಕಣ್ಣಿಗೂ ಬೀಳಬಾರದೆಂಬ ಒಂದೇ ಉದ್ದೇಶದಿಂದ ಬಳಿಯುವ ಬಣ್ಣವೂ ಉಂಟು. ಕ್ಯಾಮೊಫ್ಲಾಜ್ ಎಂದು ಕರೆಯಲಾಗುವ ಈ ಮರೆಬಣ್ಣವನ್ನು ಅಂಗೈಯಗಲದ ಪುಟ್ಟ ವಿಮಾನದ ಮೇಲೆ ವಾರಗಟ್ಟಲೆ ಕುಳಿತು ಬಿಡಿಸಿ, ಆಮೇಲೆ ಅದನ್ನು ಎಲ್ಲರಿಗೂ ಕಾಣುವಂತೆ ಗಾಜಿನ ಕಪಾಟಿನಲ್ಲಿ ಇಡುವ ಹವ್ಯಾಸವೊಂದು ಲೋಕದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದರ ಪರಿಚಯ ನನಗಾದುದು ಹೋದ ಬೇಸಿಗೆಯ ರಜೆಯಲ್ಲಿ, ಬೆಂಗಳೂರಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ನಮ್ಮ ಅಣ್ಣನ ಮಗನಿಂದ.

ಹುಡುಗ ಧಾರವಾಡದ ನಮ್ಮ ಮನೆಗೆ ಬಂದವನು ಚೀಲದಿಂದ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟನು. ಒಳಗೆ ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು; ಅವುಗಳಿಗೆ ಅಂಟಿಕೊಂಡ ರೆಕ್ಕೆ, ಬಾಲ, ಗಾಲಿ, ಆಸನ, ಚಾಲಕ. ಎರಡನೆಯ ಮಹಾಯುದ್ಧದ ಕಾಲದ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಯುದ್ಧವಿಮಾನದ ಪ್ರತಿಕೃತಿ ಅದು, ಮೂಲದ 72ನೆಯ ಒಂದು ಅಂಶದಷ್ಟು ಗಾತ್ರದ್ದು. ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ನನಗೆ ಮೊದಲು ಅನ್ನಿಸಿದ್ದು, ಇಷ್ಟು ದೊಡ್ಡ ಹುಡುಗನಿಗೆ ಇದೆಂಥ ಆಟಿಕೆ ಎಂದು. ಅವನು ಬಣ್ಣದ ಡಬ್ಬಿಗಳನ್ನು ತೆರೆದ ಮೇಲೆ ನನ್ನ ಅಭಿಪ್ರಾಯ ನಿಧಾನವಾಗಿ ಬದಲಾಯಿತು.

72ರಲ್ಲಿ ಒಂದು ಎಂಬ ಈ ಪ್ರಮಾಣದ ಲೆಕ್ಕ ಸರಳವಾದದ್ದು. ಬ್ರಿಟಿಷರ ಅಳತೆಯಲ್ಲಿ ಆರು ಅಡಿಗೆ ಒಂದು ಅಂಗುಲ, ಅಂದರೆ ಆಳೆತ್ತರದ ಮನುಷ್ಯ ಒಂದು ಅಂಗುಲವಾಗುತ್ತಾನೆ. ಸ್ಪಿಟ್‌ಫೈರಿನ ರೆಕ್ಕೆಗಳ ತುದಿಯಿಂದ ತುದಿಗೆ 36 ಅಡಿ 10 ಅಂಗುಲ. ಪ್ರತಿಕೃತಿಯಲ್ಲಿ ಅದು ಸುಮಾರು ಹದಿನೈದೂವರೆ ಸೆಂಟಿಮೀಟರು. ಇಂಗ್ಲೆಂಡಿನ ಫ್ರಾಗ್ ಎಂಬ ಸಂಸ್ಥೆ 1936ರಲ್ಲಿಯೇ ಈ ಪ್ರಮಾಣದ ವಿಮಾನಗಳನ್ನು ಮಾರುಕಟ್ಟೆಗೆ ತಂದಿತ್ತು. ಹಂಗೇರಿಯಿಂದ ವಲಸೆ ಬಂದ ನಿಕೋಲಸ್ ಕೋವ್ ಎಂಬವರು 1939ರಲ್ಲಿ ಸ್ಥಾಪಿಸಿದ ಏರ್‌ಫಿಕ್ಸ್ ಸಂಸ್ಥೆಯು ಮೊದಲು ಗಾಳಿ ತುಂಬುವ ರಬ್ಬರಿನ ಆಟಿಕೆಗಳನ್ನೂ, ಆಮೇಲೆ ಬಾಚಣಿಗೆಗಳನ್ನೂ ಮಾಡುತ್ತಿದ್ದು, 1950ರ ದಶಕದಲ್ಲಿ ತನ್ನ ಮೊದಲ ವಿಮಾನವಾಗಿ ಸ್ಪಿಟ್‌ಫೈರನ್ನೇ ಹೊರತಂದಿತು. ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಷಿಲಿಂಗಿಗೆ ಒಂದು ಪೊಟ್ಟಣ ಸಿಗುತ್ತಿದ್ದುದರಿಂದ ಆ ದೇಶದ ಒಂದು ಪೀಳಿಗೆಯ ಹುಡುಗರೆಲ್ಲ ಅಡುಗೆಮನೆಯ ಮೇಜಿನ ಮೇಲೆ ವಿಮಾನ ಕಟ್ಟಿದರು. 2010ರ ದಶಕದಲ್ಲಿ ಬಂದ ಅದೇ ಸಂಸ್ಥೆಯ ಅನೇಕ ಪೆಟ್ಟಿಗೆಗಳ ಮೇಲೆ 'ಭಾರತದಲ್ಲಿ ತಯಾರಿಸಿದ್ದು' ಎಂಬ ಅಕ್ಷರಗಳಿರುವುದನ್ನು ಕಂಡು ನನಗೆ ಆಶ್ಚರ್ಯವೂ ಸಂತೋಷವೂ ಆಯಿತು.

ಜಿಂಕೆಯ ಹೊಟ್ಟೆ ಏಕೆ ಬಿಳಿ?

ಮರೆಬಣ್ಣದ ಮೂಲಪಾಠವನ್ನು ಮನುಷ್ಯನು ಕಲಿತದ್ದು ಪ್ರಾಣಿಪಕ್ಷಿಗಳಿಂದ. ಅಮೆರಿಕದ ಚಿತ್ರಕಾರ ಅಬಟ್ ಥೇಯರ್ 1896ರಲ್ಲಿ ಒಂದು ಲೇಖನ ಬರೆದು, ಅನೇಕ ಪ್ರಾಣಿಗಳ ಬೆನ್ನು ಗಾಢವಾಗಿಯೂ ಹೊಟ್ಟೆ ಬಿಳುಪಾಗಿಯೂ ಇರುವುದಕ್ಕೆ ಕಾರಣ ಹೇಳಿದನು. ಬೆಳಕು ಮೇಲಿನಿಂದ ಬೀಳುವುದರಿಂದ ಬೆನ್ನು ತಿಳಿಯಾಗಿಯೂ ಹೊಟ್ಟೆ ನೆರಳಾಗಿಯೂ ಕಾಣಬೇಕು. ಆ ನೆರಳಿನಿಂದಲೇ ನಮ್ಮ ಕಣ್ಣು ಒಂದು ವಸ್ತುವಿನ ಉಬ್ಬುತಗ್ಗನ್ನು ಗುರುತಿಸುತ್ತದೆ. ಜಿಂಕೆಯ ಮೈಬಣ್ಣ ಇದಕ್ಕೆ ಸರಿಯಾಗಿ ವಿರುದ್ಧವಾಗಿರುವುದರಿಂದ ಬೆಳಕು ನೆರಳುಗಳೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ದುಂಡನೆಯ ದೇಹ ಚಪ್ಪಟೆಯಾಗಿ ಕಂಡು ಹಿನ್ನೆಲೆಯಲ್ಲಿ ಕರಗುತ್ತದೆ. ಚಿತ್ರಕಲೆಯ ತರಗತಿಯಲ್ಲಿ ಚೆಂಡಿಗೆ ನೆರಳು ಕೊಟ್ಟು ಉಬ್ಬಿಸುವುದನ್ನು ಕಲಿಸುತ್ತಿದ್ದ ನನಗೆ, ಪ್ರಕೃತಿಯು ಅದೇ ಪಾಠವನ್ನು ಹಿಂದುಮುಂದಾಗಿ ಪ್ರಯೋಗಿಸಿದ್ದು ತಿಳಿದದ್ದು ಈ ವಯಸ್ಸಿನಲ್ಲಿ!

ಎರಡನೆಯದು ಆಕಾರವನ್ನು ಒಡೆಯುವ ತಂತ್ರ. ನಮ್ಮ ಹೊಲಗಳ ಬದುವಿನಲ್ಲಿ ಗೌಜುಗದ ಹಕ್ಕಿ ಕಾಲಬುಡದಿಂದ ಭರ್ರೆಂದು ಹಾರುವವರೆಗೆ ನಮಗೆ ಕಾಣುವುದಿಲ್ಲ. ಅದರ ಮೈಮೇಲಿನ ಪಟ್ಟೆಗಳು ಹಕ್ಕಿಯ ಅಂಚನ್ನು ತುಂಡುತುಂಡಾಗಿಸಿ, 'ಇದು ಹಕ್ಕಿ' ಎಂಬ ತೀರ್ಮಾನಕ್ಕೆ ನಮ್ಮ ಬುದ್ಧಿ ಬಾರದಂತೆ ಮಾಡುತ್ತವೆ. ಬ್ರಿಟನ್ನಿನ ಪ್ರಾಣಿವಿಜ್ಞಾನಿ ಹ್ಯೂ ಕಾಟ್ 1940ರಲ್ಲಿ ಈ ವಿಷಯವಾಗಿಯೇ ಬೃಹದ್ಗ್ರಂಥವನ್ನು ಪ್ರಕಟಿಸಿದನು. ಆ ವೇಳೆಗೆ ಬ್ರಿಟಿಷ್ ಯುದ್ಧವಿಮಾನಗಳ ಮೇಲ್ಭಾಗದಲ್ಲಿ ಗಾಢ ಹಸಿರು ಮತ್ತು ಕಡು ಮಣ್ಣುಬಣ್ಣಗಳ ಅಲೆಯಲೆಯಾದ ಪಟ್ಟೆಗಳು ಬಂದಾಗಿದ್ದವು. ಮೇಲಿನಿಂದ ನೋಡಿದವನಿಗೆ ಇಂಗ್ಲೆಂಡಿನ ಹೊಲ, ಬೇಲಿ, ತೋಪುಗಳ ನಡುವೆ ವಿಮಾನ ಬೆರೆತುಹೋಗಲೆಂದು. ಕೆಳಭಾಗಕ್ಕೆ 1940ರ ಜೂನ್ ತಿಂಗಳಿನಿಂದ 'ಸ್ಕೈ' ಎಂಬ ಹೆಸರಿನ, ಬಾತುಕೋಳಿಯ ಮೊಟ್ಟೆಯನ್ನು ಹೋಲುವ ತಿಳಿಹಸಿರು ಬಣ್ಣವನ್ನು ಬಳಿಯುವಂತೆ ಆಜ್ಞೆಯಾಯಿತು. ಆ ಬಣ್ಣ ಸಾಕಷ್ಟು ಸಿಗದೆ ಕೆಲವೆಡೆ ಇದ್ದ ಬಣ್ಣಗಳನ್ನೇ ಬೆರೆಸಿ ಬಳಿದರು. ಯಾವ ವಿಮಾನದ ಹೊಟ್ಟೆ ಎಷ್ಟು ಹಸಿರು, ಎಷ್ಟು ನೀಲಿ ಎಂದು ಹವ್ಯಾಸಿಗಳು ಇಂದಿಗೂ ಬಿಡದೆ ವಾದಿಸುತ್ತಾರೆ. 1941ರ ಆಗಸ್ಟ್‌ನಲ್ಲಿ, ಕಾಳಗವು ಸಮುದ್ರದ ಮೇಲೆಯೂ ಹೆಚ್ಚು ಎತ್ತರದಲ್ಲಿಯೂ ನಡೆಯತೊಡಗಿದಾಗ, ಮಣ್ಣುಬಣ್ಣ ಹೋಗಿ ಬೂದುಬಣ್ಣ ಬಂದಿತು. ಶತ್ರುದೇಶದ ಛಾಯಾಚಿತ್ರ ತೆಗೆಯಲು ಕೆಳಮಟ್ಟದಲ್ಲಿ ಹಾರುತ್ತಿದ್ದ ಕೆಲವು ಸ್ಪಿಟ್‌ಫೈರುಗಳಿಗಂತೂ ತಿಳಿಗುಲಾಬಿ ಬಣ್ಣವನ್ನು ಬಳಿದಿದ್ದರು! ಬೆಳಗಿನ ಮತ್ತು ಸಂಜೆಯ ಮೋಡಗಳ ಬಣ್ಣವದು. ಯುದ್ಧವಿಮಾನಕ್ಕೆ ಗುಲಾಬಿಯೇ ಎಂದು ನಗುವವರು ಒಮ್ಮೆ ಸಂಜೆಯ ಆಕಾಶವನ್ನು ದಿಟ್ಟಿಸಿ ನೋಡಬೇಕು.

ಬಣ್ಣ ಹಚ್ಚುವ ಬಗೆ

ತುಂಡುಗಳನ್ನು ಅಂಟಿಸಿ, ಸಂದುಗಳನ್ನು ತುಂಬಿ, ನುಣುಪು ಕಾಗದದಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಬಣ್ಣದ ಕೆಲಸ ಆರಂಭವಾಗುತ್ತದೆ. ಕೈಬೆರಳಿನ ಜಿಡ್ಡು ಉಳಿದರೂ ಬಣ್ಣ ಹಿಡಿಯುವುದಿಲ್ಲ. ಮೊದಲು ತೆಳುವಾದ ಅಸ್ತರಿನ ಬಣ್ಣ; ಆಮೇಲೆ ಹೊಟ್ಟೆಯ ತಿಳಿಬಣ್ಣ; ಅದು ಒಣಗಿದ ಮೇಲೆ ಬೆನ್ನಿನ ಎರಡು ಬಣ್ಣಗಳಲ್ಲಿ ತಿಳಿಯಾದದ್ದು; ಕೊನೆಗೆ ಗಾಢವಾದದ್ದು. ಈ ಕ್ರಮವನ್ನು ತಪ್ಪಿಸಿದರೆ ಗಾಢ ಬಣ್ಣವು ತಿಳಿಯಾದುದರ ಕೆಳಗಿನಿಂದ ಇಣುಕುತ್ತದೆ. ಬಣ್ಣವನ್ನು ಹಾಲಿನ ಹದಕ್ಕೆ ತೆಳುಮಾಡಿ, ಒಂದು ದಪ್ಪ ಲೇಪದ ಬದಲು ಎರಡು ಮೂರು ತೆಳು ಲೇಪಗಳನ್ನು ಕೊಡಬೇಕು. ಗಾಳಿಯ ಒತ್ತಡದಿಂದ ಬಣ್ಣ ಚಿಮುಕಿಸುವ ಏರ್‌ಬ್ರಷ್ ಎಂಬ ಉಪಕರಣವುಳ್ಳವರಿಗೆ ಈ ಕೆಲಸ ಸುಲಭ; ನಮ್ಮ ಹುಡುಗನ ಬಳಿ ಇದ್ದದ್ದು ಮೂರು ಕುಂಚಗಳು ಮಾತ್ರ. ಎನಾಮೆಲ್ ಬಣ್ಣ ಬಳಸುವ ಮನೆಗಳಲ್ಲಿ ಕಿಟಕಿ ತೆರೆದಿಟ್ಟಿರಬೇಕೆಂಬುದನ್ನು ತಾಯಂದಿರು ನೆನಪಿಡುವುದು ಒಳಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ನಿಜವಾದ ವಿಮಾನಕ್ಕೆ ಬಳಿದ ಬಣ್ಣವನ್ನೇ ತಂದು ಪುಟ್ಟ ವಿಮಾನಕ್ಕೆ ಬಳಿದರೆ ಅದು ಸರಿಯಾಗಿ ಕಾಣುವುದಿಲ್ಲ, ಬಹಳ ಗಾಢವಾಗಿ ಕಾಣುತ್ತದೆ. ಒಂದಡಿ ದೂರದಿಂದ ಈ ಪ್ರತಿಕೃತಿಯನ್ನು ನೋಡುವುದೆಂದರೆ ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದಂತೆ. ನಡುವಿನ ಗಾಳಿ, ಧೂಳು, ತೇವಾಂಶಗಳು ಬಣ್ಣವನ್ನು ಮಾಸಲುಗೊಳಿಸುತ್ತವೆ. ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮವರ ಗಾದೆಗೆ 'ತಿಳಿನೀಲಿಯಾಗಿಯೂ' ಎಂದು ಸೇರಿಸಬಹುದು. ಆದ್ದರಿಂದ ಹವ್ಯಾಸಿಗಳು ಬಣ್ಣಕ್ಕೆ ಸ್ವಲ್ಪ ಬಿಳಿಯನ್ನು ಬೆರೆಸಿ ತಿಳಿಗೊಳಿಸುತ್ತಾರೆ. ಎರಡು ಬಣ್ಣಗಳು ಕೂಡುವ ಅಂಚಿನದೂ ಇದೇ ಲೆಕ್ಕ. ಮೂಲದಲ್ಲಿ ಆ ಅಂಚು ಒಂದು ಅಂಗುಲದಷ್ಟು ಮಸುಕಾಗಿದ್ದರೆ ಪ್ರತಿಕೃತಿಯಲ್ಲಿ ಅದು ಮೂರನೆಯ ಒಂದು ಮಿಲಿಮೀಟರು. ಅಷ್ಟನ್ನು ಸಾಧಿಸಲು ಕೆಲವರು ಕತ್ತರಿಸಿದ ಕಾಗದವನ್ನು ಮೈಗೆ ತಾಗಿಸದೆ ಕೂದಲೆಳೆಯಷ್ಟು ಎತ್ತರಿಸಿ ಬಣ್ಣ ಚಿಮುಕಿಸುತ್ತಾರೆ. ಇನ್ನು ಕೆಲವರು ಅಂಟುಮುದ್ದೆಯನ್ನು ಶಾವಿಗೆಯಂತೆ ಹೊಸೆದು ಅಂಚಿನುದ್ದಕ್ಕೂ ಇಡುತ್ತಾರೆ.

ಪಟ್ಟೆಗಳ ನಕ್ಷೆಯನ್ನು ರೆಕ್ಕೆಗೆ ಇಳಿಸುವುದು ಎಲ್ಲಕ್ಕಿಂತ ಕಠಿಣ. ಸೂಚನಾಪತ್ರದಲ್ಲಿದ್ದ ಚಿತ್ರ ಪ್ರತಿಕೃತಿಗಿಂತ ಚಿಕ್ಕದಿತ್ತು. ಹುಡುಗ ಎರಡು ಸಲ ಅಂದಾಜಿನಿಂದ ಗೆರೆ ಎಳೆದು ಅಳಿಸಿದನು. ಅಕ್ಕಿ ಆರಿಸುತ್ತ ಕುಳಿತಿದ್ದ ನಮ್ಮ ವೈನಿಯವರು ಅದನ್ನು ನೋಡಿ, "ಚುಕ್ಕಿ ಇಟ್ಟು ಬರಿಯೋದು ಬಿಟ್ಟು ಅಂದಾಜಿನ ಮ್ಯಾಲೆ ಯಾಕ ಎಳೀತಿಯೋ?" ಎಂದರು. ಚಿತ್ರದ ಮೇಲೆ ಸಮನಾದ ಚುಕ್ಕಿಗಳ ಸಾಲು, ದೊಡ್ಡ ಕಾಗದದ ಮೇಲೆ ಅಷ್ಟೇ ಸಂಖ್ಯೆಯ, ಆದರೆ ಅಗಲವಾದ ಚುಕ್ಕಿಗಳ ಸಾಲು. ಯಾವ ಚುಕ್ಕಿಯ ಎಡಬಲಕ್ಕೆ ಗೆರೆ ಹಾಯುತ್ತದೆಂದು ನೋಡಿಕೊಂಡು ಅದರಂತೆ ಎಳೆಯುವುದು. ರಂಗವಲ್ಲಿಯ ಈ ವಿಧಾನದಿಂದ ಅರ್ಧ ತಾಸಿನಲ್ಲಿ ನಕ್ಷೆ ಸಿದ್ಧವಾಯಿತು. ಚಿತ್ರಕಲಾ ಶಿಕ್ಷಕನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅಡಗಬೇಕು, ಆದರೆ ನಮ್ಮವರಿಗೆ ಕಾಣಬೇಕು

ಮರೆಬಣ್ಣದ ವಿಮಾನದ ಮೇಲೆ ದೊಡ್ಡ ದೊಡ್ಡ ವರ್ತುಲಗಳನ್ನೂ ಅಕ್ಷರಗಳನ್ನೂ ಅಂಟಿಸಬೇಕಾಗಿ ಬಂದಾಗ ಹುಡುಗ ಒಂದು ಪ್ರಶ್ನೆ ಕೇಳಿದನು: "ಕಾಣಬಾರದು ಅಂತ ಬಣ್ಣ ಹಚ್ಚಿದ ಮ್ಯಾಲೆ ಇಷ್ಟು ದೊಡ್ಡ ಗುರುತು ಯಾಕ ಕಾಕಾ?" ಉತ್ತರ ಹುಡುಕುತ್ತ ಹೋದಾಗ ತಿಳಿದುಬಂದ ಸಂಗತಿಗಳು ನನ್ನನ್ನು ಬಹಳ ಯೋಚನೆಗೆ ಹಚ್ಚಿದವು.

ಯುದ್ಧ ಘೋಷಣೆಯಾಗಿ ಮೂರೇ ದಿನಗಳಾಗಿದ್ದವು. 1939ರ ಸೆಪ್ಟೆಂಬರ್ 6ರ ಬೆಳಿಗ್ಗೆ, ಶತ್ರುಗಳು ಬಂದರೆಂಬ ಸುಳ್ಳು ಸುದ್ದಿಯಿಂದ ಹೊರಟ ಬ್ರಿಟಿಷ್ ಸ್ಪಿಟ್‌ಫೈರುಗಳು ತಮ್ಮದೇ ಪಡೆಯ ಎರಡು ಹರಿಕೇನ್ ವಿಮಾನಗಳನ್ನು ಹೊಡೆದುರುಳಿಸಿದವು. ಮಾಂಟಗೂ ಹಲ್ಟನ್-ಹ್ಯಾರಪ್ ಎಂಬ ತರುಣ ಪೈಲಟ್ ಮೃತನಾದನು. ಆ ಯುದ್ಧದಲ್ಲಿ ಮಡಿದ ಮೊದಲ ಬ್ರಿಟಿಷ್ ಯುದ್ಧವಿಮಾನ ಚಾಲಕನು ತನ್ನವರ ಗುಂಡಿಗೇ ಬಲಿಯಾದನು. ನೆಲದ ಮೇಲಿನ ಕಾವಲುಗಾರರು ಗುರುತು ಹಿಡಿಯಲೆಂದು ಆಗಿನ ಯುದ್ಧವಿಮಾನಗಳ ಹೊಟ್ಟೆಗೆ ಅರ್ಧ ಕಪ್ಪು, ಅರ್ಧ ಬಿಳಿ ಬಳಿದಿದ್ದರು. ಕೆಳಗಿನವರಿಗೆ ಕಾಣುವ ಆ ಗುರುತು ಆಕಾಶದಲ್ಲಿ ಎದುರಾದವರಿಗೆ ನೆರವಾಗಲಿಲ್ಲ.

1943ರ ಜುಲೈ 11ರ ರಾತ್ರಿ ಸಿಸಿಲಿ ದ್ವೀಪದ ಮೇಲೆ ಇನ್ನೂ ದೊಡ್ಡ ಅನಾಹುತ ನಡೆಯಿತು. ಸೈನಿಕರನ್ನು ಹೊತ್ತ 144 ಅಮೆರಿಕನ್ ಸಾಗಣೆ ವಿಮಾನಗಳ ಮೇಲೆ ಅವರದೇ ಹಡಗುಗಳೂ ತೋಪುಗಳೂ ಗುಂಡಿನ ಮಳೆಗರೆದು 23 ವಿಮಾನಗಳು ನಾಶವಾದವು. ಮುಂದಿನ ವರ್ಷ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಸೈನ್ಯ ಇಳಿಸುವಾಗ ಇಂಥ ತಪ್ಪು ಮರುಕಳಿಸಬಾರದೆಂದು, ಮಿತ್ರಪಕ್ಷದ ವಿಮಾನಗಳ ರೆಕ್ಕೆ ಮತ್ತು ಒಡಲಿನ ಸುತ್ತ ಮೂರು ಬಿಳಿ, ಎರಡು ಕಪ್ಪು ಪಟ್ಟಿಗಳನ್ನು ಬಳಿಯುವಂತೆ ಆಜ್ಞಾಪಿಸಲಾಯಿತು. ಇಷ್ಟು ಜತನದಿಂದ ಮಾಡಿದ ಮರೆಬಣ್ಣವನ್ನು ತಾವೇ ಕೆಡಿಸಿದರು! ಗುಟ್ಟು ರಟ್ಟಾಗದಿರಲೆಂದು ಕೊನೆಯ ಗಳಿಗೆಯವರೆಗೆ ತಡೆದಿದ್ದ ಈ ಕೆಲಸವನ್ನು ಸಿಬ್ಬಂದಿಯವರು ಸಿಕ್ಕ ಕುಂಚಗಳನ್ನು ಹಿಡಿದು ತರಾತುರಿಯಿಂದ ಮುಗಿಸಿದರು. ಆ ಕಾಲದ ಛಾಯಾಚಿತ್ರಗಳಲ್ಲಿ ಎಷ್ಟೋ ಪಟ್ಟಿಗಳು ಡೊಂಕಾಗಿವೆ. ಸಣ್ಣ ವಿಮಾನಗಳಲ್ಲಿ 18 ಅಂಗುಲ ಅಗಲವಿದ್ದ ಆ ಪಟ್ಟಿ ನಮ್ಮ ಪ್ರತಿಕೃತಿಯಲ್ಲಿ ಆರು ಮಿಲಿಮೀಟರಿಗಿಂತ ತುಸು ಹೆಚ್ಚು. ಅದನ್ನು ಅಳತೆಪಟ್ಟಿ ಹಿಡಿದು ನೂಲಿನಂತೆ ನೇರವಾಗಿ ಬಿಡಿಸಿದವನು ಅಂದವಾದ ವಿಮಾನವನ್ನು ಮಾಡಬಹುದು, ಆದರೆ ಆ ರಾತ್ರಿಯ ಅವಸರವನ್ನು ಅಳಿಸಿಹಾಕಿದಂತಾಗುತ್ತದೆ.

ನಮ್ಮ ದೇಶಕ್ಕೂ ಸಂಬಂಧಿಸಿದ ಒಂದು ಉದಾಹರಣೆಯಿದೆ. ಬ್ರಿಟಿಷ್ ವರ್ತುಲದ ನಟ್ಟನಡುವೆ ಕೆಂಪು ಚುಕ್ಕಿಯಿತ್ತು. ಜಪಾನಿನ ಗುರುತೂ ಕೆಂಪು ಸೂರ್ಯನೇ. ಬರ್ಮಾ ರಣರಂಗದಲ್ಲಿ ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕಾದ ಬಂದೂಕುಗಾರನಿಗೆ ಕೆಂಪು ಕಂಡರೆ ಸಾಕು. ಆದ್ದರಿಂದ ಅಲ್ಲಿ ಹಾರುತ್ತಿದ್ದ ವಿಮಾನಗಳ ವರ್ತುಲದಿಂದ ಕೆಂಪನ್ನು ಪೂರ್ತಿಯಾಗಿ ತೆಗೆದು ಗಾಢನೀಲಿ ಮತ್ತು ತಿಳಿನೀಲಿಗಳನ್ನಷ್ಟೇ ಉಳಿಸಿದರು. 1944ರಿಂದ ಸ್ಪಿಟ್‌ಫೈರ್ ಪಡೆದ ಭಾರತೀಯ ವಾಯುಪಡೆಯ ದಳಗಳೂ ಈ ನೀಲಿ ಗುರುತಿನಡಿಯಲ್ಲಿಯೇ ಹಾರಿದವು. ಬರ್ಮಾದ ಸ್ಪಿಟ್‌ಫೈರ್ ಮಾಡಿ ಅದಕ್ಕೆ ಕೆಂಪು ಚುಕ್ಕಿಯನ್ನು ಅಂಟಿಸಿದರೆ ತಿಳಿದವರು ಕೂಡಲೇ ತಪ್ಪು ಹಿಡಿಯುತ್ತಾರೆ.

ಪ್ರತಿಕೃತಿಗಳು ಆಟಕ್ಕಷ್ಟೇ ಎಂದುಕೊಳ್ಳಬಾರದು. 1942ರಲ್ಲಿ ಅಮೆರಿಕದ ನೌಕಾಪಡೆಯು ಶಾಲಾಮಕ್ಕಳಿಂದ ಇದೇ 72ರ ಪ್ರಮಾಣದ ಐದು ಲಕ್ಷ ಮರದ ವಿಮಾನಗಳನ್ನು ಮಾಡಿಸಲು ಯೋಜನೆ ಹಾಕಿತು. 35 ಅಡಿ ದೂರದಲ್ಲಿ ಹಿಡಿದರೆ ಅರ್ಧ ಮೈಲಿ ದೂರದ ನಿಜವಿಮಾನದಂತೆ ಕಾಣುವ ಅವುಗಳನ್ನು ನೋಡಿ ಸೈನಿಕರು ನಮ್ಮವರಾರು, ಹೊರಗಿನವರಾರು ಎಂದು ಗುರುತಿಸಲು ಕಲಿಯಬೇಕಿತ್ತು. ಆಕಾರವೊಂದನ್ನೇ ಕಲಿಯಬೇಕೆಂದು ಅವುಗಳಿಗೆಲ್ಲ ಬರಿಯ ಕಪ್ಪು ಬಣ್ಣ.

ನಮ್ಮ ಬೆಂಗಳೂರಿನ ನಂಟು

ಈ ವಿದ್ಯೆ ನಮಗೆ ದೂರದ್ದಲ್ಲ. 1940ರಲ್ಲಿ ಮೈಸೂರು ಸರ್ಕಾರದ ಸಹಾಯದೊಡನೆ ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ, ಯುದ್ಧಕಾಲದಲ್ಲಿ ಅಮೆರಿಕನ್ ಸೇನೆಯ ವಿಮಾನಗಳು ದುರಸ್ತಿಯಾಗುತ್ತಿದ್ದವು. 1961ರ ಜೂನ್ 17ರಂದು ಇದೇ ಊರಿನಲ್ಲಿ ಮೊದಲ ಬಾರಿಗೆ ಹಾರಿದ 'ಮರುತ್' ಯುದ್ಧವಿಮಾನವನ್ನು ವಿನ್ಯಾಸಗೊಳಿಸಿದ ಕುರ್ಟ್ ಟ್ಯಾಂಕ್, ಮಹಾಯುದ್ಧದಲ್ಲಿ ಸ್ಪಿಟ್‌ಫೈರಿಗೆ ಎದುರಾಗಿ ನಿಂತ ಜರ್ಮನಿಯ ಫೊಕೆ-ವುಲ್ಫ್ 190 ವಿಮಾನದ ಶಿಲ್ಪಿಯೇ ಆಗಿದ್ದನು. ಮರೆಬಣ್ಣದ ಬೆಲೆಯನ್ನು ನಮ್ಮ ದೇಶ ಅರಿತದ್ದು 1965ರಲ್ಲಿ. ಆ ಯುದ್ಧಕ್ಕೆ ಮುಂಚೆ ನಮ್ಮ ಅನೇಕ ವಿಮಾನಗಳು ಬಣ್ಣವಿಲ್ಲದೆ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಸೆಪ್ಟೆಂಬರ್ 6ರಂದು ಪಠಾಣಕೋಟೆಯ ನೆಲೆಯ ಮೇಲೆ ದಾಳಿಯಾಗಿ, ನಿಂತಲ್ಲಿಯೇ ಹಲವು ವಿಮಾನಗಳು ಸುಟ್ಟುಹೋದ ಮೇಲೆ, ಅನೇಕ ವಿಮಾನಗಳಿಗೆ ಅವಸರದಿಂದ ಹಸಿರು ಬಳಿಯಲಾಯಿತು. 2001ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮರುತ್ ವಿಮಾನವನ್ನು ಹತ್ತಿರದಿಂದ ನೋಡಬಹುದು. ಬೆಂಗಳೂರಿಗೆ ಹೋದ ಕುಟುಂಬಗಳು ಮಕ್ಕಳೊಡನೆ ಅರ್ಧ ದಿನವನ್ನು ಅಲ್ಲಿ ಕಳೆಯಲು ಅಡ್ಡಿಯಿಲ್ಲ.

ಯುದ್ಧದ ಯಂತ್ರಗಳನ್ನು ಮಕ್ಕಳ ಕೈಗೆ ಕೊಡುವುದು ಸರಿಯೇ ಎಂದು ನಮ್ಮ ಓದುಗರಲ್ಲಿ ಕೆಲವರಾದರೂ ಕೇಳಬಹುದು. ವೈನಿಯವರೂ ಕೇಳಿದರು. ಮದ್ದುಗುಂಡುಗಳ ಸದ್ದಿನೊಡನೆ ತೆರೆಯ ಮೇಲೆ ಆಡುವ ಆಟಗಳ ವಿಷಯದಲ್ಲಿ ನನಗೂ ಅದೇ ಸಂಶಯವಿದೆ. ಈ ಕೆಲಸದ ಬಗ್ಗೆ ಮಾತ್ರ ನನ್ನ ಸಂಶಯ ಹೇಗೆ ಕರಗಿತೆಂಬುದನ್ನು ಹೇಳುತ್ತೇನೆ.

ನಕ್ಷೆಯನ್ನು ಚುಕ್ಕಿಯಿಟ್ಟು ಹಿಗ್ಗಿಸಿದ ಮೇಲೆ ಹುಡುಗ ಅದನ್ನು ತೆಳುಕಾಗದದ ಮೇಲೆ ಪೆನ್ಸಿಲಿನಿಂದ ತೆಗೆದುಕೊಂಡು, ಆ ಕಾಗದವನ್ನು ಬೋರಲಾಗಿಟ್ಟು ಉಜ್ಜಿ ಗೆರೆಗಳನ್ನು ವಿಮಾನದ ಮೈಗೆ ಇಳಿಸಿದ್ದನು. ಹಾಗೆ ಉಜ್ಜಿದಾಗ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗುತ್ತದೆಂಬುದು ಅವನಿಗೂ ಹೊಳೆಯಲಿಲ್ಲ, ಪಕ್ಕದಲ್ಲಿಯೇ ಕುಳಿತಿದ್ದ ನನಗೂ ಹೊಳೆಯಲಿಲ್ಲ. ನಾಲ್ಕು ದಿನ ಹಸಿರು ಹಚ್ಚಿದ ಮೇಲೆ ಪೆಟ್ಟಿಗೆಯ ಚಿತ್ರದೊಡನೆ ಹೋಲಿಸಿ ನೋಡಿದರೆ ಎಲ್ಲವೂ ತಿರುಗುಮುರುಗು. ಹುಡುಗನ ಮುಖ ಬಾಡಿತು.

ನಾನು ಪುಸ್ತಕ ತಿರುವಿ ನೋಡಿದೆನು. ಆ ಕಾಲದ ಬ್ರಿಟಿಷ್ ವಾಯುಪಡೆಯಲ್ಲಿ 'ಎ' ಮತ್ತು 'ಬಿ' ಎಂದು ಎರಡು ನಮೂನೆಗಳಿದ್ದವು. ಒಂದು ಇನ್ನೊಂದರ ಕನ್ನಡಿ ಬಿಂಬ. ಕಾರ್ಖಾನೆಯಲ್ಲಿ ಒಂದು ವಿಮಾನಕ್ಕೆ 'ಎ', ಮುಂದಿನದಕ್ಕೆ 'ಬಿ' ಎಂದು ಬಳಿಯುತ್ತ ಹೋಗುವುದು ನಿಯಮವಾಗಿತ್ತು; 1941ರಲ್ಲಿ 'ಬಿ'ಯನ್ನು ಕೈಬಿಟ್ಟರು. ನನಗೆ ಬಹಳ ಸಮಾಧಾನವಾಯಿತು. "ನೀ ಮಾಡಿದ್ದು ತಪ್ಪಲ್ಲಪ್ಪಾ, ಹಿಂಗೂ ಎಷ್ಟೋ ವಿಮಾನ ಇದ್ದವು. ಹಂಗ ಬಿಡು, ಯಾರಿಗೂ ಗೊತ್ತಾಗೂದಿಲ್ಲ" ಎಂದೆನು.

ಅವನು ಪೆಟ್ಟಿಗೆಯಲ್ಲಿದ್ದ, ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರಗಳ ಹಾಳೆಯನ್ನು ತೋರಿಸಿದನು. ಅದರಲ್ಲಿದ್ದದ್ದು ಒಂದೇ ಒಂದು ವಿಮಾನದ ಸಂಖ್ಯೆ. "ಎಷ್ಟೋ ವಿಮಾನ ಇದ್ದವು ಖರೆ, ಆದ್ರ ಈ ನಂಬರಿನ ವಿಮಾನ ಹಂಗ ಇರಲಿಲ್ಲಲ್ಲ ಕಾಕಾ. ಇದನ್ನ ಒಬ್ಬಾಂವ ಹಾರಿಸ್ಯಾನಲ್ಲ" ಎಂದನು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಂವ ಉಳದ್ನೋ ಇಲ್ಲೋ?" ಎಂದು ಕೇಳಿದನು. ನಾನು ಉತ್ತರ ಕೊಡಲಿಲ್ಲ.

ಮಧ್ಯಾಹ್ನ ಔಷಧದ ಅಂಗಡಿಗೆ ಹೋಗಿ ಸ್ಪಿರಿಟ್ ತಂದುಕೊಟ್ಟೆನು. ಹತ್ತಿಯನ್ನು ಅದರಲ್ಲಿ ಅದ್ದಿ ಅದ್ದಿ ಅವನು ನಾಲ್ಕು ದಿನದ ಬಣ್ಣವನ್ನು ಒರೆಸಿ ತೆಗೆದನು. ಸಂಜೆಯ ಹೊತ್ತಿಗೆ ರೆಕ್ಕೆ ಮತ್ತೆ ಬೂದುಬಣ್ಣದ ಬರಿಯ ಪ್ಲಾಸ್ಟಿಕ್ ಆಗಿತ್ತು. ಈ ಸಲ ಕಾಗದವನ್ನು ಬೋರಲು ಹಾಕುವ ಮುನ್ನ ಹಿಂಬದಿಯಿಂದಲೂ ಗೆರೆ ತಿದ್ದಿಕೊಂಡನು. ರಜೆ ಮುಗಿಯಲು ಆರು ದಿನಗಳಿದ್ದವು. ವಿಮಾನ ಸಿದ್ಧವಾದದ್ದು ಐದನೆಯ ದಿನ ರಾತ್ರಿ.